ದಸ್ತಿ ಹಾಕಿದ ಸೀಟು

ಆಳಂದ–ಕಲಬುರಗಿ ಬಸ್ಸಿನಲ್ಲಿ ನಾನು ಕಂಡಕ್ಟರ್. ಬೆಳಗಿನ ಪಾಳಿಯಲ್ಲಿ ದಿನಾ ಬರುವವರದೇ ಒಂದು ಗುಂಪು. ಟೀಚರುಗಳು, ಬ್ಯಾಂಕಿನವರು, ಕಾಲೇಜು ಹುಡುಗಿಯರು. ಮೊದಲು ಹತ್ತಿದವರು ದಸ್ತಿ, ಅಂದರೆ ಕರವಸ್ತ್ರ, ಹಾಕಿ ತಮ್ಮವರಿಗೆ ಸೀಟು ಹಿಡಿಯುತ್ತಾರೆ. ಅವರ ಪ್ರೀತಿ ನೋಡಿದರೆ ಖುಷಿಯಾಗುತ್ತದೆ. ಒಬ್ಬರ ಮಗುವಿಗೆ ಜ್ವರ ಬಂದರೆ ಮರುದಿನ ಎಲ್ಲರೂ ಕೇಳುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೈಯಿಂದ ಕೈಗೆ ಹೋಗುತ್ತವೆ. ಯಾರಾದರೂ ತಡವಾದರೆ "ಅಕ್ಕಾ, ಎರಡು ನಿಮಿಷ ತಡೀರಿ, ಬರ್ಲಾಕತ್ತಾಳ" ಅಂತ ನನ್ನ ಹತ್ತಿರ ಗೋಗರೆಯುತ್ತಾರೆ.

ಅದೇ ಗುಂಪಿಗೆ ಹೊರಗಿನವರು ಕಾಣುವುದೇ ಇಲ್ಲ. ಕಡಗಂಚಿಯಲ್ಲಿ ಒಬ್ಬ ಹುಡುಗಿ ಹೊಸದಾಗಿ ಹತ್ತತೊಡಗಿದಳು. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ. ಖಾಲಿ ಸೀಟಿಗೆ ಕೈ ಹಚ್ಚಿದರೆ "ಇಲ್ಲಿ ಬರೋರು ಅದಾರ" ಎಂಬ ಮಾತು. ಬಾಗಿಲ ಹತ್ತಿರ ಕಂಬಿ ಹಿಡಿದು ಕಲಬುರಗಿವರೆಗೂ ನಿಂತೇ ಬರುತ್ತಿದ್ದಳು. ಯಾರೂ ಬೈಯಲಿಲ್ಲ, ನೂಕಲಿಲ್ಲ. ಆದರೂ ಅವಳ ಮುಖ ಸಣ್ಣದಾಗುತ್ತಿತ್ತು. ಬೈದರೆ ತಿರುಗಿ ಮಾತಾಡಬಹುದು. ಇದಕ್ಕೆ ಏನಂತ ಮಾತಾಡೋದು ಹೇಳಿ?

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರ ಓಡಾಟ ಹೆಚ್ಚಾಯಿತು, ಕೊಂಕು ಮಾತೂ ಹೆಚ್ಚಾದವು. ಪುಂಡಿ ಪಲ್ಯದ ಬುಟ್ಟಿ ತರುವ ಒಬ್ಬ ಮುದುಕಿಗೆ "ಪುಕ್ಕಟೆ ಅಂತ ದಿನಾ ಬರ್ತಾರ" ಅಂದ ಒಬ್ಬ ಹುಡುಗ. ಪಕ್ಕದವರೆಲ್ಲ ನಕ್ಕರು. ಒಬ್ಬೊಬ್ಬರೇ ಇದ್ದಾಗ ಇದೇ ಹುಡುಗರು ಆ ಬುಟ್ಟಿ ಇಳಿಸಿಕೊಟ್ಟಿದ್ದನ್ನು ನಾನೇ ಕಂಡಿದ್ದೇನೆ. ಜೊತೆಗಾರರು ಕೂಡಿದಾಗ ಮಾತ್ರ ಅದೇನೋ ಬೇರೆಯೇ ಆಗುತ್ತಾರೆ. ನಾನು ಶೂನ್ಯ ಟಿಕೆಟ್ ಹರಿದು, ಎಲ್ಲರಿಗೂ ಕೇಳುವ ಹಾಗೆ "ತಗೋ ಅವ್ವಾ, ನಿನ್ನ ಟಿಕೆಟಿನ ರೊಕ್ಕ ಸರ್ಕಾರ ಕಟ್ಟತದ" ಅಂದೆ. ನಗು ಅಲ್ಲಿಗೇ ನಿಂತಿತು. ಇಂಥ ಮಾತಿಗೆ ಆಗಿಂದಾಗಲೇ ಉತ್ತರ ಕೊಡಬೇಕು. ತಡ ಮಾಡಿದರೆ ಮರುದಿನ ಇನ್ನಿಬ್ಬರು ಅದನ್ನೇ ಹೇಳುತ್ತಾರೆ.

ನರ್ಸ್ ಹುಡುಗಿಯ ವಿಷಯಕ್ಕೆ ಈ ದಾರಿ ನಡೆಯುವುದಿಲ್ಲ. ಎಲ್ಲರೆದುರು ಬುದ್ಧಿ ಹೇಳಿದರೆ ಗುಂಪಿನ ಸಿಟ್ಟು ಅವಳ ಮೇಲೆಯೇ ತಿರುಗುತ್ತದೆ. ಅದಕ್ಕೇ ಹಿರಿಯ ಟೀಚರೊಬ್ಬರಿಗೆ ಟಿಕೆಟ್ ಕೊಡುವಾಗ ಮೆಲ್ಲಗೆ ಹೇಳಿದೆ: "ಟೀಚರ್, ಆ ಹುಡುಗಿ ದಿನಪೂರ್ತಿ ವಾರ್ಡಿನ್ಯಾಗ ನಿಂತಿರತಾಳ. ಬಸ್ಸಿನ್ಯಾಗೂ ನಿಂತೇ ಬರ್ತಾಳ, ಪಾಪ." ಮರುದಿನ ಆ ಟೀಚರ್ ಸರಿದು ಕೂತರು. "ಬಾ ತಂಗಿ, ಕೂಡು. ಯಾವ ಊರವ್ವಾ ನಿಂದು?" ಊರು ಕೇಳಿದ್ದೇ ತಡ, ಅವಳ ಸೋದರತ್ತೆ ಟೀಚರ ತವರೂರಿನ ಸೊಸೆ ಅಂತ ಗೊತ್ತಾಯಿತು. ನಮ್ಮ ಕಡೆ ಹಾಗೇ ಅಲ್ವಾ, ಎರಡು ಮಾತಾಡಿದರೆ ಸಂಬಂಧ ಸಿಕ್ಕೇ ಸಿಗುತ್ತದೆ. ಆ ಎರಡು ಮಾತಿಗೇ ಬರ.

ದಸ್ತಿ ಹಾಕುವುದು ನಿಂತಿಲ್ಲ. ನಿಲ್ಲಿಸಲು ಹೋಗಿ ಜಗಳ ಮಾಡಿಕೊಳ್ಳಬೇಡಿ ಅಂತ ಹೊಸ ಕಂಡಕ್ಟರುಗಳಿಗೂ ಹೇಳುತ್ತೇನೆ. ಪ್ರತಿ ಗುಂಪಿನಲ್ಲೂ ಕೇಳದೇ ಚೀಲ ಸರಿಸಿ ಜಾಗ ಕೊಡುವವರು ಒಬ್ಬರಾದರೂ ಇರುತ್ತಾರೆ. ಅವರು ಯಾರು ಅಂತ ನೋಡಿಟ್ಟುಕೊಳ್ಳಿ. ಏನೇ ಇದ್ದರೂ ಮೊದಲು ಅವರ ಕಿವಿಗೆ ಹಾಕಿ.