ಮಗುಚಿ ನೋಡಿ ಜೋಡಿಸಿದ ಕಯಾಕ್: ಹೇಮಾವತಿ ಹಿನ್ನೀರಿನಲ್ಲಿ ಗಾಳದ ಮೊದಲ ಋತು

ಅಕ್ಟೋಬರ್

ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ಮನೆಗೆ ಬಂದಿದೆ. ಉದ್ದ 10 ಅಡಿ, ಅಗಲ 32 ಅಂಗುಲ, ಸಾಮಾನಿಲ್ಲದೆ ತೂಕ 28 ಕಿಲೋ. ಪಾಲಿಥಿನ್ ಪುಡಿಯನ್ನು ಅಚ್ಚಿಗೆ ಸುರಿದು, ಅಚ್ಚನ್ನು ತಿರುಗಿಸುತ್ತಲೇ ಕಾಯಿಸಿ ತೆಗೆದ ಒಂದೇ ತುಂಡಿನ ದೋಣಿ ಇದು. ಎಲ್ಲೂ ಬೆಸುಗೆಯಿಲ್ಲ. ಹಿನ್ನೀರಿನ ಅಡಿಯಲ್ಲಿರುವ ಕಲ್ಲು, ಮರದ ಬೊಡ್ಡೆಗಳಿಗೆ ತಾಗಿದರೂ ಗೀರು ಬೀಳುತ್ತದೆಯೇ ಹೊರತು ಸುಲಭವಾಗಿ ಒಡೆಯುವುದಿಲ್ಲ.

ಕಾಲುಗಳನ್ನು ಒಳಗೆ ತೂರಿಸಿ ಕೂರುವ ಕಯಾಕ್‌ಗಿಂತ ಮೇಲೆ ಕೂರುವ ಬಗೆಯದನ್ನೇ ಆರಿಸಿದೆ. ಒಳಗೆ ಕೂರುವ ದೋಣಿ ಮಗುಚಿದರೆ ನೀರು ತುಂಬಿಕೊಳ್ಳುತ್ತದೆ, ಅದನ್ನು ಪಂಪಿನಿಂದ ಖಾಲಿ ಮಾಡಬೇಕು. ಮೇಲೆ ಕೂರುವ ಕಯಾಕ್‌ನ ಹೊಟ್ಟೆ ಪೂರ್ತಿ ಮುಚ್ಚಿರುತ್ತದೆ. ಮೇಲೆ ಬಿದ್ದ ನೀರು ತಳದವರೆಗೆ ಕೊರೆದ ರಂಧ್ರಗಳಿಂದ ತಾನಾಗಿಯೇ ಇಳಿದುಹೋಗುತ್ತದೆ. ಗಾಳ ಹಾಕುವವರಿಗೆ, ಅದರಲ್ಲೂ ಒಬ್ಬರೇ ಹೋಗುವವರಿಗೆ, ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಕಾಲಿನಿಂದ ತುಳಿದು ಓಡಿಸುವ ಕಯಾಕ್‌ಗಳೂ ಇವೆ. ಹೋಬಿ ಕಂಪನಿ 1997ರಲ್ಲಿ ಮೀನಿನ ರೆಕ್ಕೆಯಂತೆ ಬಡಿಯುವ ತುಳಿಯಂತ್ರವನ್ನು ತಂದ ಮೇಲೆ ಕಯಾಕ್ ಮೀನುಗಾರಿಕೆಯ ಚಹರೆಯೇ ಬದಲಾಯಿತು. ಎರಡೂ ಕೈ ಗಾಳಕ್ಕೆ ಬಿಡುವಾದವು. ಆದರೆ ನಮ್ಮ ನೀರಿನಲ್ಲಿ ಜೊಂಡು, ಅಂತರಗಂಗೆ, ಮೀನುಗಾರರು ಬಿಟ್ಟ ಬಲೆ ಎಲ್ಲವೂ ಇವೆ. ದೋಣಿಯ ತಳದಿಂದ ಕೆಳಕ್ಕೆ ಚಾಚಿಕೊಂಡ ಯಾವ ಯಂತ್ರವೂ ಅಲ್ಲಿ ತೊಡಕೇ. ಆದ್ದರಿಂದ ಹುಟ್ಟು ಹಾಕುವ ಕಯಾಕ್. ಹುಟ್ಟು ಎರಡು ಅಲಗಿನದು, 240 ಸೆಂ.ಮೀ. ಇಷ್ಟು ಅಗಲದ ದೋಣಿಗೆ ಗಿಡ್ಡ ಹುಟ್ಟು ತಂದರೆ ಪ್ರತಿ ಎಳೆತಕ್ಕೂ ಬೆರಳ ಗೆಣ್ಣು ದೋಣಿಯ ಅಂಚಿಗೆ ಬಡಿಯುತ್ತದೆ.

ನೀರು ಯಾವುದು ಎಂಬ ಪ್ರಶ್ನೆಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಭದ್ರಾ ಹಿನ್ನೀರು ಚೆಲುವಾದದ್ದು ನಿಜ, ಆದರೆ ಅದರ ದಂಡೆಯ ಕಾಡು 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಗಾಳದ ಮಾತೇ ಬೇಡ. ಶೃಂಗೇರಿಯ ತುಂಗೆಯ ಮೀನುಗಳು ದೇವರ ಮೀನುಗಳು. ಯಗಚಿ ಜಲಾಶಯ ಬೇಲೂರಿಗೆ ಹತ್ತಿರ, ಆದರೆ ಚಿಕ್ಕದು. ನನಗೆ ಉಳಿದದ್ದು ಗೊರೂರಿನ ಹೇಮಾವತಿ. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಕಡೆ ಹುಟ್ಟಿ, ಸಕಲೇಶಪುರ ದಾಟಿ ಬಂದ ನದಿ ಇಲ್ಲಿ ಕಣಿವೆ ಕಣಿವೆಗೆ ನುಗ್ಗಿ ನಿಂತಿದೆ. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2922 ಅಡಿ, ಸಾಮರ್ಥ್ಯ 37 ಟಿಎಂಸಿಗೂ ಸ್ವಲ್ಪ ಹೆಚ್ಚು. ಈ 2922 ಎಂಬ ಅಂಕಿ ಮುಂದಿನ ಪುಟಗಳಲ್ಲಿ ಮತ್ತೆ ಬರುತ್ತದೆ, ಏಕೆಂದರೆ ನೀರು ಅದಕ್ಕಿಂತ ಎಷ್ಟು ಕೆಳಗಿದೆ ಎಂಬುದರ ಮೇಲೆ ದೋಣಿ ಇಳಿಸುವ ಜಾಗ, ಲಂಗರು, ಮೀನು ಎಲ್ಲವೂ ನಿಂತಿವೆ.

ಗಾಳದ ಅನುಮತಿಗಾಗಿ ಮೀನುಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟು ಬಂದೆ. ಅಣೆಕಟ್ಟಿನ ಹತ್ತಿರದ ನೀರಿಗೆ ದೋಣಿ ಇಳಿಸುವುದಿಲ್ಲ ಎಂದು ನಾನೇ ಗೆರೆ ಹಾಕಿಕೊಂಡಿದ್ದೇನೆ.

ನವೆಂಬರ್

ಈ ತಿಂಗಳು ಒಂದು ಗಾಳವನ್ನೂ ಮುಟ್ಟಲಿಲ್ಲ. ಮಗುಚುವುದು, ಮತ್ತೆ ಹತ್ತುವುದು, ಇಷ್ಟೇ ಕೆಲಸ.

ಊರಿನ ಕೆರೆಯಲ್ಲಿ ಎದೆಮಟ್ಟದ ನೀರು, ಅಡಿಯಲ್ಲಿ ಮರಳು ಇರುವ ಜಾಗ ನೋಡಿಕೊಂಡೆವು. ಬಾಮೈದ ದಂಡೆಯಲ್ಲಿ ಹಗ್ಗ ಕಟ್ಟಿದ ಟ್ರ್ಯಾಕ್ಟರ್ ಟ್ಯೂಬ್ ಹಿಡಿದು ನಿಂತಿದ್ದ. ಲೈಫ್ ಜಾಕೆಟ್ ತೊಟ್ಟು, ದೋಣಿಯನ್ನು ಬೇಕೆಂದೇ ಪಕ್ಕಕ್ಕೆ ವಾಲಿಸಿ ಬೀಳುವುದು. ಮಗುಚಿದ ದೋಣಿಯ ಮೇಲೆ ಕೈ ಚಾಚಿ ಆಚೆ ಅಂಚನ್ನು ಹಿಡಿದು, ಮೈಭಾರವನ್ನು ಹಿಂದಕ್ಕೆ ಬಿಟ್ಟರೆ ಅದು ನೆಟ್ಟಗಾಗುತ್ತದೆ. ಆಮೇಲೆ ಆಸನದ ಪಕ್ಕಕ್ಕೆ ಬಂದು, ಕಾಲುಗಳನ್ನು ನೀರಿನ ಮೇಲ್ಮಟ್ಟಕ್ಕೆ ಬರುವಂತೆ ಬಡಿದು, ಹೊಟ್ಟೆಯನ್ನು ದೋಣಿಯ ಮೇಲೆ ಅಡ್ಡ ಎಳೆದುಕೊಳ್ಳಬೇಕು. ಹೊಕ್ಕಳು ದೋಣಿಯ ನಡುಗೆರೆ ಮುಟ್ಟುವವರೆಗೂ ಏಳಬಾರದು. ಅಲ್ಲಿಂದ ನಿಧಾನವಾಗಿ ಹೊರಳಿ ಆಸನಕ್ಕೆ ಕೂತು, ಕಡೆಗೆ ಕಾಲುಗಳನ್ನು ಒಳಕ್ಕೆ ತರಬೇಕು. ಹೊಟ್ಟೆ, ಕುಂಡೆ, ಕಾಲು: ಈ ಕ್ರಮ ತಪ್ಪಿಸಿ ಮೊಣಕಾಲೂರಿ ಏಳಲು ಹೋದರೆ ದೋಣಿ ಮತ್ತೆ ಮಗುಚುತ್ತದೆ.

ಖಾಲಿ ದೋಣಿಯಲ್ಲಿ ಇದು ಕೈಗೆ ಬಂದ ಮೇಲೆ, ಆಸನದ ಹಿಂದೆ ಕ್ರೇಟ್ ಕಟ್ಟಿ, ಗಾಳದ ಕೋಲುಗಳ ಬದಲು ಬಿದಿರಿನ ಕಡ್ಡಿಗಳನ್ನು ನಿಲ್ಲಿಸಿ ಅದೇ ಅಭ್ಯಾಸ ಮಾಡಿದೆ. ಆಗ ಕಂಡದ್ದೇ ಈ ಇಡೀ ಜೋಡಣೆಯನ್ನು ನಿರ್ಧರಿಸಿತು. ನೆಟ್ಟಗೆ ನಿಂತ ಕಡ್ಡಿ ಕೆರೆಯ ತಳಕ್ಕೆ ಚುಚ್ಚಿಕೊಂಡು ದೋಣಿ ಹೊರಳದಂತೆ ತಡೆಯುತ್ತದೆ. ಆಸನದ ಪಕ್ಕದಲ್ಲಿ ಏನೇ ಎದ್ದು ನಿಂತಿದ್ದರೂ ಹತ್ತುವಾಗ ಜಾಕೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಯಾಗಿದ್ದ ಹಗ್ಗವಂತೂ ಕಾಲಿಗೆ ಸುತ್ತಿಕೊಳ್ಳುತ್ತದೆ, ಅದು ನಿಜವಾದ ಅಪಾಯ. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ: ಹೊಸದಾಗಿ ಯಾವ ವಸ್ತು ದೋಣಿಗೆ ಬಂದರೂ ಮೊದಲು ಅದನ್ನು ಹಗ್ಗದಿಂದ ತಾತ್ಕಾಲಿಕವಾಗಿ ಕಟ್ಟಿ, ಮಗುಚಿ, ಹತ್ತಿ ನೋಡಬೇಕು. ಆ ಪರೀಕ್ಷೆಯಲ್ಲಿ ಗೆದ್ದರೆ ಮಾತ್ರ ಡ್ರಿಲ್ ಹೊರಗೆ ಬರುತ್ತದೆ.

ಲೈಫ್ ಜಾಕೆಟ್ ಬಗ್ಗೆ ಒಂದು ಮಾತು. ಕಯಾಕ್‌ನ ಆಸನಕ್ಕೆ ಬೆನ್ನಿನ ಒರಗು ಇರುವುದರಿಂದ, ಹಿಂಭಾಗದ ಫೋಮ್ ಬೆನ್ನಿನ ಮೇಲ್ಭಾಗಕ್ಕಷ್ಟೇ ಬರುವ, ತೋಳು ಬಿಡುವಾಗಿರುವ ಜಾಕೆಟ್ ಬೇಕು. ಸರಿಯಿಲ್ಲದ ಜಾಕೆಟ್ಟನ್ನು ಜನ ಬಿಚ್ಚಿ ದೋಣಿಯಲ್ಲಿಡುತ್ತಾರೆ. ಬಿಚ್ಚಿಟ್ಟ ಜಾಕೆಟ್ ಯಾರನ್ನೂ ಉಳಿಸುವುದಿಲ್ಲ. ನನ್ನದು 50 ನ್ಯೂಟನ್ ತೇಲುಬಲದ್ದು, ಈಜು ಬಲ್ಲವರಿಗೆಂದು ಮಾಡಿದ್ದು. ಅದರ ಎದೆಗೆ ಒಂದು ಸೀಟಿ, ಒಂದು ಮಡಚುಗತ್ತಿ ಕಟ್ಟಿದ್ದೇನೆ. ಕತ್ತಿ ಮೀನಿಗಲ್ಲ, ಹಗ್ಗಕ್ಕೆ ಮತ್ತು ಬಲೆಗೆ.

ಡಿಸೆಂಬರ್

ಜೋಡಣೆ ಶುರು. ಪಾಲಿಥಿನ್ ಮೈಗೆ ಅಂಟು ಹಿಡಿಯುವುದಿಲ್ಲ. ಯಾವ ಗೋಂದು ಹಚ್ಚಿದರೂ ಕೆಲವು ದಿನಕ್ಕೆ ಸಿಪ್ಪೆಯಂತೆ ಎದ್ದುಬರುತ್ತದೆ, ಆ ಪ್ಲಾಸ್ಟಿಕ್‌ನ ಗುಣವೇ ಅದು. ಆದ್ದರಿಂದ ಬೋಲ್ಟೇ ಗತಿ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್, ಒಳಗಡೆ ಅಗಲವಾದ ವಾಷರ್, ನೀರು ಜಿನುಗದಂತೆ ರಬ್ಬರ್ ವಾಷರ್ ಮತ್ತು ಸಿಲಿಕೋನ್. ಸಿಲಿಕೋನ್ ಇಲ್ಲಿ ಸಂದಿ ತುಂಬಲು, ಹಿಡಿದಿಡಲು ಅಲ್ಲ. ಕೈ ಒಳಗೆ ಹೋಗದ ಜಾಗಕ್ಕೆ ರಬ್ಬರಿನೊಳಗೆ ನಟ್ಟು ಕೂರಿಸಿದ ಬಗೆಯದನ್ನು ಹಾಕಿದೆ; ಬಿಗಿಸಿದಂತೆ ರಬ್ಬರ್ ಉಬ್ಬಿ ಒಳಗಿನಿಂದ ಕಚ್ಚಿಕೊಳ್ಳುತ್ತದೆ. ನೀರಿನ ಗೆರೆಯ ಕೆಳಗೆ ನಾನು ಕೊರೆದ ತೂತು ಒಂದೂ ಇಲ್ಲ.

ಗಾಳದ ಕೋಲು ನಿಲ್ಲಿಸುವ ಕೊಳವೆಗಳನ್ನು ಆಸನದ ಮುಂದಕ್ಕೆ, ದೋಣಿಯ ನಡುಗೆರೆಯ ಹತ್ತಿರಕ್ಕೆ ತಂದೆ. ಎರಡೂ ಮಡಚಿ ಮಲಗುವಂಥವು. ಹತ್ತುವ ಬದಿಯೆಂದು ನಾನು ಇಟ್ಟುಕೊಂಡಿರುವ ಎಡಬದಿ ಪೂರ್ತಿ ಖಾಲಿ. ಹಿಂದಿನ ಕ್ರೇಟ್ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಿಂದ ತಂದ ಟೊಮೆಟೊ ಕ್ರೇಟ್, ಅರ್ಧಕ್ಕೆ ಕತ್ತರಿಸಿ ಎತ್ತರ ಇಳಿಸಿದ್ದು. ಇದರ ಮುಂದೆ ಅಂಗಡಿಯಲ್ಲಿ ಸಾವಿರಾರು ರೂಪಾಯಿಗೆ ಸಿಗುವ ಪೆಟ್ಟಿಗೆಯ ಅಗತ್ಯ ನನಗೆ ಕಾಣಲಿಲ್ಲ. ಹುಟ್ಟಿಗೆ, ಕೋಲುಗಳಿಗೆ, ಇಕ್ಕಳಕ್ಕೆ ಗಿಡ್ಡ ದಾರ. ಕಾಲಿಗೆ ಸುತ್ತುವಷ್ಟು ಉದ್ದ ಯಾವುದಕ್ಕೂ ಇಲ್ಲ. ದೋಣಿಯ ಹೊಟ್ಟೆಯೊಳಗೆ ಫೋಮಿನ ಉದ್ದ ಉರುಳೆಗಳನ್ನು ತುಂಬಿದೆ, ಎಲ್ಲಾದರೂ ತೂತಾದರೂ ಮುಳುಗಬಾರದಲ್ಲ.

ಎತ್ತರದ ಕುರ್ಚಿಯಂಥ ಆಸನ ಬೇಡವೆಂದು ಬಿಟ್ಟೆ. ಕೂತು ಗಾಳ ಬೀಸಲು ಅದು ಹಿತ, ನಿಜ. ಆದರೆ ಆಸನ ನಾಲ್ಕು ಅಂಗುಲ ಏರಿದರೆ ನನ್ನ 74 ಕಿಲೋ ಕೂಡ ಅಷ್ಟೇ ಏರುತ್ತದೆ. ತಗ್ಗಿನಲ್ಲಿ ಕೂತರೆ ದೋಣಿ ನೀರಿಗೆ ಕಚ್ಚಿಕೊಂಡಂತಿರುತ್ತದೆ. ಹೊರುವ ಸಾಮರ್ಥ್ಯ 150 ಕಿಲೋ ಎಂದು ಬರೆದಿದ್ದರೂ, ಅದರ ಮೂರರಲ್ಲಿ ಎರಡು ಪಾಲಿಗೆ ನಿಲ್ಲಿಸುತ್ತೇನೆ.

ಜನವರಿ

ಗಾಳ ನೀರಿಗೆ ಬಿತ್ತು. ಶೆಟ್ಟಿಹಳ್ಳಿಯ ಕಡೆಯ ಹಿನ್ನೀರು. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ರೋಸರಿ ಚರ್ಚಿನ ಗೋಡೆಗಳು ಅಲ್ಲಿ ನೀರಿನಿಂದ ಎದ್ದು ನಿಂತಿವೆ. ಕಯಾಕ್‌ನಲ್ಲಿ ಕಮಾನಿನ ಕೆಳಗೆ ಹೋಗಬೇಕೆಂದು ಯಾರಿಗಾದರೂ ಆಸೆಯಾಗುತ್ತದೆ. ನಾನು ಹೋಗುವುದಿಲ್ಲ, ಹೋಗುವವರನ್ನೂ ತಡೆಯುತ್ತೇನೆ. ವರ್ಷ ವರ್ಷವೂ ನೆನೆದು ಒಣಗಿದ ಗಾರೆ ಅದು. ಅದಕ್ಕೆ ಹಗ್ಗ ಕಟ್ಟುವುದು ನಮಗೂ ಕೇಡು, ಗೋಡೆಗೂ ಕೇಡು.

ಗಾಳಿಯ ಲೆಕ್ಕವನ್ನು ಇಲ್ಲಿ ಬೇಗ ಕಲಿಯಬೇಕು. ಬೆಳಿಗ್ಗೆ ಮಂಜು ಕರಗುವವರೆಗೆ ನೀರು ಅಲುಗುವುದಿಲ್ಲ, ಬಿಸಿಲೇರಿದ ಮೇಲೆ ಮೂಡುಗಾಳಿ ಏಳುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಗಾಳಿಯ ಜೊತೆ ಮರಳಬೇಕು. ತಿರುಗುಮುರುಗಾದರೆ ತೋಳು ಸೋತ ಹೊತ್ತಿಗೆ ಅಲೆ ಎದುರಾಗುತ್ತದೆ.

ಗುರಿ ಕೊರವ ಮೀನು. ಇದು ಗಾಳಿಯನ್ನೂ ಉಸಿರಾಡುವ ಮೀನು. ಆಗಾಗ ಮೇಲೆ ಬಂದು ಬಾಯಿ ತೆರೆದು ಹೋಗುತ್ತದೆ. ಜೊಂಡಿನ ಅಂಚಿನಲ್ಲಿ ಸದ್ದಿಲ್ಲದೆ ಕೂತರೆ ಆ ಪುಳಕ್ ಸದ್ದು ಕೇಳಿಸುತ್ತದೆ. ದಂಡೆಯಿಂದ ಬೀಸುವವರಿಗೆ ಜೊಂಡಿನ ಹೊರ ಅಂಚು ಎಟುಕುವುದಿಲ್ಲ, ಕಯಾಕ್‌ನಿಂದ ಎಟುಕುತ್ತದೆ. 7 ಅಡಿಯ ಕೋಲು, 40 ಪೌಂಡ್ ಭಾರ ತಡೆಯುವ ಹೆಣೆದ ದಾರ, ರಬ್ಬರಿನ ಕಪ್ಪೆ. ಕಪ್ಪೆಯನ್ನು ಎಲೆಗಳ ಮೇಲೆ ಎಸೆದು, ತಡೆದು ತಡೆದು ಎಳೆಯುವುದು. ಮೀನು ಎಗರಿದ ಕೂಡಲೇ ಜಗ್ಗದೆ, ಅದು ಕಪ್ಪೆಯೊಂದಿಗೆ ತಿರುಗುವಷ್ಟು ಹೊತ್ತು ಕೊಟ್ಟು ಆಮೇಲೆ ಜಗ್ಗಬೇಕು. ಸಿಕ್ಕ ಮೊದಲ ಕೊರವ ದೋಣಿಯನ್ನೇ ಜೊಂಡಿನೊಳಕ್ಕೆ ಎಳೆಯಿತು. ನನ್ನ ಮೂಗು ದೋಣಿಯ ಅಂಚು ದಾಟದಂತೆ ನೆಟ್ಟಗೆ ಕೂತು, ಮೀನನ್ನೇ ಬಲಬದಿಗೆ ತಂದು ಗಿಡ್ಡ ಹಿಡಿಯ ಬಲೆಯಲ್ಲಿ ಎತ್ತಿಕೊಂಡೆ. ಎಡಬದಿ ಖಾಲಿ ಬಿಟ್ಟದ್ದು, ಕೋಲುಗಳನ್ನು ಮಲಗಿಸಲು ಬಂದದ್ದು ಆ ಗಳಿಗೆಯಲ್ಲಿ ಎಷ್ಟು ನೆರವಾಯಿತು ಎಂದರೆ, ನವೆಂಬರಿನ ನೀರೆಲ್ಲ ಸಾರ್ಥಕ.

ಕೊರವದ ಬಗ್ಗೆ ನನ್ನದೊಂದು ಕಟ್ಟುನಿಟ್ಟು: ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕಂಡಲ್ಲಿ ಗಾಳ ಬೀಸುವುದಿಲ್ಲ. ತಂದೆತಾಯಿ ಮೀನುಗಳು ಕೆಳಗೇ ಕಾವಲಿರುತ್ತವೆ, ಕೋಪಕ್ಕೆ ಖಂಡಿತ ಕಚ್ಚುತ್ತವೆ. ಅವನ್ನು ಎತ್ತಿಕೊಂಡರೆ ಮರಿಗಳು ಉಳಿಯುವುದಿಲ್ಲ.

ಮಾರ್ಚ್

ಮಟ್ಟ 2922ರಿಂದ ಬಹಳ ಕೆಳಗಿಳಿದಿದೆ. ನೀರು ಬಿಟ್ಟುಹೋದ ದಂಡೆಯಲ್ಲಿ ಮೊಣಕಾಲುದ್ದ ಕೆಸರು. ಗಾಲಿ ಗಾಡಿ ಹೂತುಹೋಗುವುದರಿಂದ ದೋಣಿಯನ್ನು ಜಾರಿಸಿಕೊಂಡೇ ಹೋಗಬೇಕು. ಈ ಕೆಲಸಕ್ಕೆ 28 ಕಿಲೋ ಕೂಡ ಹೆಚ್ಚೇ. ಅಡಿಯಲ್ಲಿದ್ದ ಬೊಡ್ಡೆಗಳು ಈಗ ಗೇಣುದ್ದ ನೀರಿನಲ್ಲಿವೆ.

ಲಂಗರಿನ ಪ್ರಶ್ನೆ ಬಗೆಹರಿದದ್ದು ಇಲ್ಲೇ. ನಾಲ್ಕು ಕೊಕ್ಕೆಯ ಮಡಚುವ ಲಂಗರು ತರುವ ಯೋಚನೆಯಲ್ಲಿದ್ದೆ. ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ.

“ಯಜಮಾನರೇ, ಇಲ್ಲಿ ಕೊಕ್ಕೆ ಲಂಗರು ನಡೆಯುತ್ತದೆಯೇ?”

“ಬೊಡ್ಡೆಗೆ ಸಿಕ್ಕಿದರೆ ಅದನ್ನು ಅಲ್ಲೇ ಬಿಟ್ಟು ಬರಬೇಕು ಸ್ವಾಮಿ. ಗೋಣಿಯಲ್ಲಿ ಒಂದು ಕಲ್ಲು ಕಟ್ಟಿಕೊಳ್ಳಿ. ತೆಳು ನೀರಿಗೆ ಒಂದು ಬಿದಿರು ಸಾಕು.”

ಹಾಗೆಯೇ ಮಾಡಿದೆ. ಮೂರು ಕಿಲೋ ಕಲ್ಲು ಗೋಣಿಚೀಲದಲ್ಲಿ. ಚೀಲಕ್ಕೂ ಹಗ್ಗಕ್ಕೂ ನಡುವೆ ತೆಳುವಾದ ಸೆಣಬಿನ ದಾರ. ಸಿಕ್ಕಿಕೊಂಡರೆ ಜೋರಾಗಿ ಎಳೆದಾಗ ದಾರ ಹರಿಯುತ್ತದೆ, ಹೋಗುವುದು ಕಲ್ಲು ಮತ್ತು ಗೋಣಿ ಮಾತ್ರ. ಹಗ್ಗವನ್ನು ದೋಣಿಯ ತುದಿಯಿಂದಲೇ ಬಿಡಬೇಕು. ಪಕ್ಕದಿಂದ ಲಂಗರು ಬಿಟ್ಟ ಕಯಾಕ್ ಗಾಳಿಗೋ ಹರಿವಿಗೋ ಅಡ್ಡಲಾಗಿ ನಿಂತು ವಾಲುತ್ತದೆ. ಕೂತಲ್ಲಿಂದ ತುದಿ ಕೈಗೆ ಸಿಗದ ಕಾರಣ, ಬಲಬದಿಯ ಉದ್ದಕ್ಕೂ ಎರಡು ಚಿಕ್ಕ ರಾಟೆ ಹಾಕಿ ಸುತ್ತು ಹಗ್ಗ ಓಡಿಸಿದೆ. ಆ ಸುತ್ತು ಹಗ್ಗಕ್ಕೆ ಕಟ್ಟಿದ ಬಳೆಗೆ ಲಂಗರಿನ ಹಗ್ಗ ಸಿಕ್ಕಿಸಿ ಎಳೆದರೆ ಅದು ಹಿಂತುದಿಗೆ ಹೋಗಿ ನಿಲ್ಲುತ್ತದೆ, ಒಂದೇ ಸೆಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಇದನ್ನೂ ಕೆರೆಯಲ್ಲಿ ಮಗುಚಿ ನೋಡಿದ ಮೇಲೆಯೇ ಬೋಲ್ಟ್ ಬಿಗಿಸಿದೆ.

ಬಲೆಯ ಬೆಂಡುಗಳನ್ನು ದೂರದಿಂದಲೇ ಗುರುತಿಸಿ ಬಳಸಿಕೊಂಡು ಹೋಗುತ್ತೇನೆ. ಆ ಬಲೆಯ ಮೇಲೆ ಒಂದು ಮನೆಯ ಅಂದಿನ ಊಟ ನಿಂತಿರುತ್ತದೆ, ನಾನು ಅಲ್ಲಿಗೆ ಹವ್ಯಾಸಕ್ಕೆ ಹೋದವನು.

ಮೇ

ಬಾಕಿ ಇರುವ ಕೆಲಸ: ಆಳ ತೋರಿಸುವ ಸಾಧನ. 12 ವೋಲ್ಟ್, 7 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ತಂದಿಟ್ಟಿದ್ದೇನೆ, ಅದಕ್ಕೆ ನೀರು ಹೊಗದ ಡಬ್ಬಿ ಆಗಬೇಕು. ಸಂವೇದಕವನ್ನು ತಳದ ರಂಧ್ರವೊಂದರಲ್ಲಿ ಕೂರಿಸುವ ಉಪಾಯವಿದೆ, ಆದರೆ ಕೆಸರಿನಲ್ಲಿ ಎಳೆಯುವಾಗ ಅದಕ್ಕೆ ಪೆಟ್ಟು ಬೀಳದಂತೆ ಮೇಲಕ್ಕೆ ಎತ್ತಿಕೊಳ್ಳಲು ಬರಬೇಕು. ಮುಂಗಾರು ಹಿಡಿದರೆ ಕಾಟ್ಲಾ, ರೋಹು ಮೊಟ್ಟೆಯಿಡುವ ಕಾಲ. ಪಡುವಣ ಗಾಳಿಯೂ ಕಯಾಕ್‌ಗೆ ಸಲ್ಲುವಂಥದ್ದಲ್ಲ. ಅಷ್ಟು ದಿನ ದೋಣಿ ಕೊಟ್ಟಿಗೆಯ ನೆರಳಿನಲ್ಲಿ, ಎರಡು ಅಗಲವಾದ ಪಟ್ಟಿಗಳ ಮೇಲೆ ಮಗ್ಗುಲಾಗಿ ಇರುತ್ತದೆ, ಬಿಸಿಲು ಪಾಲಿಥಿನ್ನನ್ನು ಪೆಡಸು ಮಾಡುತ್ತದೆ. ಡಬ್ಬಿಯ ಅಳತೆ ತೆಗೆದುಕೊಂಡಿದ್ದೇನೆ. ಬ್ಯಾಟರಿಯ ಬದಲು ಅಷ್ಟೇ ತೂಕದ ಮರಳು ತುಂಬಿ, ಈ ಭಾನುವಾರ ಕೆರೆಗೆ ಹೋಗಿ ಮಗುಚಿ ನೋಡಬೇಕು.