ಒಂದೇ ಚಾಸಿಸ್, ನಾಲ್ಕು ನೋಡ್: ದೋಷ ಹುಡುಕಿದ ಎರಡು ದಿನ

ಸರ್ವರ್ ಕೋಣೆಯ ಬಾಗಿಲು ತೆರೆದ ಕೂಡಲೇ, ಯಾವ ಪರದೆಯನ್ನೂ ನೋಡುವ ಮೊದಲೇ, ಏನೋ ಕೆಟ್ಟಿದೆ ಎಂಬುದು ಕಿವಿಗೇ ತಿಳಿಯಿತು. ಎರಡನೇ ರ‍್ಯಾಕ್‌ನ ನಡುವಿನಲ್ಲಿರುವ ಚಾಸಿಸ್ ಎಂಬ ಪೆಟ್ಟಿಗೆಯ ಫ್ಯಾನ್‌ಗಳೆಲ್ಲವೂ ಪೂರ್ಣ ವೇಗದಲ್ಲಿ ತಿರುಗುತ್ತಿದ್ದವು. ಪಕ್ಕದಲ್ಲಿ ನಿಂತವರ ಮಾತು ಕೇಳಿಸುತ್ತಿರಲಿಲ್ಲ. ಆದರೆ ಅದರೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತಿರುವ ನಾಲ್ಕು ನೋಡ್‌ಗಳೂ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು, ವಿದ್ಯಾರ್ಥಿಗಳ ಗಣನೆಗಳು ನಿಂತಿರಲಿಲ್ಲ, ಪ್ರೊಸೆಸರ್‌ಗಳ ಉಷ್ಣತೆಯೂ ಮಿತಿಯೊಳಗೇ ಇತ್ತು.

ಈ ಬಗೆಯ ಯಂತ್ರವನ್ನು ನೋಡದವರಿಗಾಗಿ ಅದರ ರಚನೆಯನ್ನು ಸ್ವಲ್ಪ ಹೇಳಬೇಕು. ರ‍್ಯಾಕ್‌ನಲ್ಲಿ ಒಂದು ‘ಯು’ ಎಂದರೆ 44.45 ಮಿಲಿಮೀಟರ್ ಎತ್ತರ. ನಮ್ಮ ಚಾಸಿಸ್ 2ಯು ಎತ್ತರದ್ದು. ಅದರ ಹಿಂಬದಿಯಲ್ಲಿ ನಾಲ್ಕು ನೋಡ್‌ಗಳು ಮೇಜಿನ ಖಾನೆಗಳಂತೆ ಕೂರುತ್ತವೆ, ಪ್ರತಿ ನೋಡ್‌ಗೆ ಎರಡರಂತೆ ಒಟ್ಟು ಎಂಟು ಪ್ರೊಸೆಸರ್‌ಗಳು. ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಪ್ರತಿಯೊಂದಕ್ಕೂ ಬೇರೆ ಬೇರೆ. ಆದರೆ ಎರಡು ಪವರ್ ಸಪ್ಲೈ, 80 ಮಿಲಿಮೀಟರ್‌ನ ನಾಲ್ಕು ಫ್ಯಾನ್, ಮತ್ತು ಇವೆಲ್ಲವನ್ನೂ ಜೋಡಿಸುವ ಮಿಡ್‌ಪ್ಲೇನ್ ಎಂಬ ಬೋರ್ಡ್, ಇಷ್ಟು ನಾಲ್ಕಕ್ಕೂ ಸಮಾನ. ಒಂದೊಂದು ‘ಯು’ವಿನ ನಾಲ್ಕು ಪ್ರತ್ಯೇಕ ಸರ್ವರ್‌ಗಳಾಗಿದ್ದರೆ ಎಂಟು ಪವರ್ ಸಪ್ಲೈ ಬೇಕಾಗುತ್ತಿತ್ತು, ಜಾಗ ಎರಡರಷ್ಟಾಗುತ್ತಿತ್ತು, ಚಿಕ್ಕ ಫ್ಯಾನ್‌ಗಳು ಅಷ್ಟೇ ಗಾಳಿಗೆ ಹೆಚ್ಚು ವಿದ್ಯುತ್ ತಿನ್ನುತ್ತಿದ್ದವು. ಹೀಗಾಗಿ ಹಂಚಿಕೊಳ್ಳುವ ಈ ವಿನ್ಯಾಸವನ್ನು ನಾನು ಮೆಚ್ಚುತ್ತೇನೆ. ಆದರೆ ದೋಷ ಬಂದಾಗ ಅದು ಯಾರ ಮನೆಯದು ಎಂದು ಹೇಳುವುದು ಕಷ್ಟವಾಗುತ್ತದೆ.

ಎಚ್ಚರಿಕೆಯ ಮಿಂಚಂಚೆ ಬಂದದ್ದು ಒಂದನೇ ನೋಡ್‌ನಿಂದ. ಪ್ರತಿ ನೋಡ್‌ನಲ್ಲೂ ಬಿಎಂಸಿ ಎಂಬ ನಿರ್ವಹಣಾ ಚಿಪ್ ಇರುತ್ತದೆ. ನೋಡ್ ಆಫ್ ಆಗಿದ್ದರೂ ಅದು ಎಚ್ಚರವಾಗಿದ್ದು ಉಷ್ಣತೆ, ಫ್ಯಾನ್, ವಿದ್ಯುತ್ತಿನ ಲೆಕ್ಕ ಇಡುತ್ತದೆ. ಪವರ್ ಸಪ್ಲೈ ಎರಡೂ ಇಲ್ಲ ಎಂದು ಆ ಚಿಪ್ ಹೇಳುತ್ತಿತ್ತು. ಇಲ್ಲದ ಪವರ್ ಸಪ್ಲೈಯಿಂದ ಯಂತ್ರ ಹೇಗೆ ನಡೆಯುತ್ತದೆ? ಉಳಿದ ಮೂರರ ಬಿಎಂಸಿಗಳನ್ನು ಕೇಳಿದಾಗ ಅವೂ ಅದನ್ನೇ ಹೇಳಿದವು. ಅಂದರೆ ಸಪ್ಲೈ ಸರಿಯಿದೆ, ಅದರೊಂದಿಗಿನ ಮಾತು ಮಾತ್ರ ಕಡಿದುಹೋಗಿದೆ. ಮಾಹಿತಿ ಸಿಗದಿದ್ದರೆ ಫ್ಯಾನ್‌ಗಳನ್ನು ಪೂರ್ಣ ವೇಗಕ್ಕೆ ಏರಿಸುವುದು ಸುರಕ್ಷತೆಗಾಗಿ ಮಾಡಿಟ್ಟ ಏರ್ಪಾಡು. ಕೋಣೆ ತುಂಬಿದ್ದ ಸದ್ದಿಗೆ ಕಾರಣ ಅದು.

ಮೊದಲ ಅನುಮಾನ ಪವರ್ ಸಪ್ಲೈಗಳ ಮೇಲೇ ಹೋಯಿತು. ಯಂತ್ರ ನಡೆಯುತ್ತಿರುವಾಗಲೇ ಒಂದೊಂದಾಗಿ ತೆಗೆದು ನೋಡಬಹುದಾದರೂ, ಒಂದನ್ನು ಎಳೆಯುವ ಮುನ್ನ ಉಳಿದ ಒಂದು ಇಡೀ ಭಾರವನ್ನು ಹೊರಬಲ್ಲದೇ ಎಂದು ಲೆಕ್ಕ ಹಾಕಲೇಬೇಕು. ಹೊರಲಾರದಿದ್ದರೆ ಕೆಲವು ಯಂತ್ರಗಳು ಎಲ್ಲ ನೋಡ್‌ಗಳ ಪ್ರೊಸೆಸರ್ ವೇಗವನ್ನೂ ಒಟ್ಟಿಗೆ ತಗ್ಗಿಸಿಬಿಡುತ್ತವೆ, ಇನ್ನು ಕೆಲವು ಆಫ್ ಆಗುತ್ತವೆ. ಒಳಗಿನ ಅಳತೆ ಸಿಗದ ಕಾರಣ ರ‍್ಯಾಕ್‌ನ ವಿದ್ಯುತ್ ಪಟ್ಟಿಯ ಮೇಲಿರುವ ಆಂಪಿಯರ್ ಅಂಕಿಯೇ ಗತಿಯಾಯಿತು: ಎರಡು ಕೇಬಲ್ ಸೇರಿ 7.2 ಆಂಪಿಯರ್, 230 ವೋಲ್ಟ್‌ಗೆ ಸುಮಾರು 1,650 ವ್ಯಾಟ್. ನಮ್ಮ ಒಂದೊಂದು ಸಪ್ಲೈ 2,200 ವ್ಯಾಟ್‌ನದು, ಆದ್ದರಿಂದ ಧೈರ್ಯವಾಗಿ ತೆಗೆದೆವು. ಎಡಗಡೆಯದನ್ನು ತೆಗೆದು ಹೊಸದು ಹಾಕಿದೆವು, ಬಲಗಡೆಯದನ್ನೂ ಹಾಗೇ ಮಾಡಿದೆವು. ಏನೂ ಬದಲಾಗಲಿಲ್ಲ.

ಸಪ್ಲೈಗಳೊಂದಿಗೆ ಬಿಎಂಸಿಗಳು ಮಾತನಾಡುವ ದಾರಿಯೆಂದರೆ ಪಿಎಂಬಸ್. ಅದರ ಬುಡದಲ್ಲಿರುವುದು ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಐ-ಸ್ಕ್ವೇರ್ಡ್-ಸಿ ಎಂಬ ಸರಳ ಪದ್ಧತಿ: ಡೇಟಾಗೆ ಒಂದು ತಂತಿ, ಅದರ ತಾಳ ಹಿಡಿಯುವ ಕ್ಲಾಕ್‌ಗೆ ಒಂದು ತಂತಿ. ಎರಡನ್ನೂ ರೆಸಿಸ್ಟರ್‌ಗಳು ಮೇಲಿನ ವೋಲ್ಟೇಜಿಗೆ ಎಳೆದು ಹಿಡಿದಿರುತ್ತವೆ. ಜೋಡಿಸಿದ ಯಾವ ಚಿಪ್ ಬೇಕಾದರೂ ತಂತಿಯನ್ನು ಸೊನ್ನೆಗೆ ಇಳಿಸಬಹುದು, ಆದರೆ ಇನ್ನೊಬ್ಬರು ಇಳಿಸಿ ಹಿಡಿದದ್ದನ್ನು ಯಾರೂ ಎತ್ತಲಾರರು. ಒಂದೇ ಲೈನಿಗೆ ಮನೆಯ ಮೂರು ಕೋಣೆಗಳಲ್ಲಿ ಫೋನ್ ಇಟ್ಟುಕೊಳ್ಳುತ್ತಿದ್ದ ಕಾಲವನ್ನು ನೆನೆಸಿಕೊಳ್ಳಿ. ಮಹಡಿಯ ಕೋಣೆಯಲ್ಲಿ ಯಾರೋ ರಿಸೀವರನ್ನು ಸರಿಯಾಗಿ ಇಡದಿದ್ದರೆ ಕೆಳಗಿನ ಯಾವ ಫೋನಿನಿಂದಲೂ ಕರೆ ಹೋಗುತ್ತಿರಲಿಲ್ಲ, ಆದರೆ ದೂರು ಹೇಳುತ್ತಿದ್ದವರು ಕೆಳಗಿನವರು. ಓದಿನ ಮಧ್ಯದಲ್ಲಿ ಬಿಎಂಸಿ ರೀಸೆಟ್ ಆದರೂ ಹೀಗೆ ಆಗುವುದುಂಟು: ಉತ್ತರ ಕೊಡುತ್ತಿದ್ದ ಚಿಪ್, ಮುಂದಿನ ಕ್ಲಾಕ್‌ಗಾಗಿ ಕಾಯುತ್ತಾ ಡೇಟಾ ತಂತಿಯನ್ನು ಹಿಡಿದೇ ಇರುತ್ತದೆ. ಒಂಬತ್ತು ಕ್ಲಾಕ್ ಕೊಟ್ಟರೆ ಬಿಟ್ಟುಕೊಡುತ್ತದೆ. ಮತ್ತೆ ಶುರುವಾಗುವಾಗ ಆ ಕ್ಲಾಕ್‌ಗಳು ಸಿಗಬಹುದೆಂದು ನಾವು ನಾಲ್ಕೂ ಬಿಎಂಸಿಗಳನ್ನು ರೀಸೆಟ್ ಮಾಡಿ ನೋಡಿದೆವು, ಉಪಯೋಗವಾಗಲಿಲ್ಲ.

ಇಲ್ಲಿಂದ ಮುಂದೆ ನಾವು ಒಂದು ಇಡೀ ದಿನ ದಾರಿ ತಪ್ಪಿದೆವು, ಅದಕ್ಕೆ ಕಾರಣ ಬಿಎಂಸಿಗಳು ಘಟನೆಗಳನ್ನು ಬರೆದಿಡುವ ಲಾಗ್‌ನ ಸಮಯ. ಹಿಂದಿನ ಸಂಜೆ ಮೂರನೇ ನೋಡನ್ನು ಹೊರತೆಗೆದು ಮೆಮೊರಿ ಬದಲಿಸಲಾಗಿತ್ತು. ಮೂರನೇ ನೋಡ್‌ನ ಲಾಗ್ ಪ್ರಕಾರ ಅದು ಮತ್ತೆ ಕೂತದ್ದು 18:09ಕ್ಕೆ. ಒಂದನೇ ನೋಡ್‌ನ ಲಾಗ್ ಪ್ರಕಾರ ಸಪ್ಲೈಗಳು ಮರೆಯಾದದ್ದು ಅದೇ ದಿನ 12:40ಕ್ಕೆ. ಯಾರೂ ಕೈ ಹಾಕುವ ಐದೂವರೆ ಗಂಟೆ ಮೊದಲೇ ದೋಷ ಹುಟ್ಟಿದೆ ಎಂದ ಮೇಲೆ ಮೂರನೇ ನೋಡ್ ನಿರಪರಾಧಿ, ಎಲ್ಲರಿಗೂ ಸಮಾನವಾದ ಮಿಡ್‌ಪ್ಲೇನೇ ಕೆಟ್ಟಿರಬೇಕು ಎಂದು ತೀರ್ಮಾನಿಸಿ, ಹೊಸ ಮಿಡ್‌ಪ್ಲೇನ್‌ಗೆ ಬೇಡಿಕೆಯನ್ನೂ ಕಳಿಸಿದೆವು.

ಮರುದಿನ ನಮ್ಮ ಕಿರಿಯ ಸಹೋದ್ಯೋಗಿ ಬಂದು, “ಸರ್, ಮೆಮೊರಿ ಹಾಕಿದವನು ನಾನೇ. ಮಧ್ಯಾಹ್ನವೆಲ್ಲ ಈ ಕೋಣೆಯಲ್ಲೇ ಇದ್ದೆ, ಆಗ ಫ್ಯಾನ್ ಸದ್ದು ಇರಲಿಲ್ಲ” ಎಂದರು. ಆ ಮಾತು ಕೇಳಿ ನಾಲ್ಕೂ ಬಿಎಂಸಿಗಳ ಗಡಿಯಾರವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಮೂರನೆಯದು ಭಾರತೀಯ ಕಾಲಮಾನದಲ್ಲಿತ್ತು, ಉಳಿದ ಮೂರೂ ಅದಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿದ್ದವು. 12:40ಕ್ಕೆ ಐದೂವರೆ ಗಂಟೆ ಸೇರಿಸಿದರೆ 18:10. ನೋಡ್ ಒಳಗೆ ಕೂತ ಮರುನಿಮಿಷವೇ ಸಪ್ಲೈಗಳು ಕಣ್ಮರೆಯಾಗಿದ್ದವು. ಆ ಐದೂವರೆ ಗಂಟೆಯ ಅಂತರ ನಮ್ಮ ದೇಶದ್ದೇ ಗುರುತು ಎಂಬುದು ಹಿಂದಿನ ದಿನವೇ ನನಗೆ ಹೊಳೆಯಬೇಕಿತ್ತು.

ಮೂರನೇ ನೋಡ್‌ಗೆ ಹೊಸ ಗಣನೆ ಬರದಂತೆ ತಡೆದು, ಇದ್ದ ಗಣನೆ ಮುಗಿಯುವವರೆಗೆ ಕಾದು, ಶಟ್‌ಡೌನ್ ಮಾಡಿ ಹೊರಗೆಳೆದೆವು. ಅರ್ಧ ನಿಮಿಷದೊಳಗೆ ಫ್ಯಾನ್‌ಗಳ ಸದ್ದು ಇಳಿಯಿತು. ಉಳಿದ ಮೂರು ಬಿಎಂಸಿಗಳಿಗೂ ಎರಡೂ ಸಪ್ಲೈಗಳು ಕಾಣಿಸಿಕೊಂಡವು. ಆದರೂ ಅದು ನೋಡ್‌ನ ದೋಷವೋ, ಮಿಡ್‌ಪ್ಲೇನ್‌ನಲ್ಲಿ ಮೂರನೇ ಸ್ಲಾಟ್‌ನ ದೋಷವೋ ಎಂಬ ಪ್ರಶ್ನೆ ಉಳಿದೇ ಇತ್ತು. ಒಂದನೇ ನೋಡನ್ನೂ ಖಾಲಿ ಮಾಡಿ, ಎರಡರ ಸ್ಥಳ ಅದಲುಬದಲು ಮಾಡಿದೆವು. ಮೂರನೇ ಸ್ಲಾಟ್‌ನಲ್ಲಿ ಒಂದನೇ ನೋಡ್ ಸುಮ್ಮನೆ ಕೂತಿತು. ಒಂದನೇ ಸ್ಲಾಟ್‌ಗೆ ಮೂರನೆಯದನ್ನು ತಳ್ಳಿದ ಕ್ಷಣದಲ್ಲೇ ಫ್ಯಾನ್‌ಗಳು ಮತ್ತೆ ಅಬ್ಬರಿಸಿದವು. ದೋಷ ನೋಡ್‌ನ ಜೊತೆಗೇ ಸಾಗಿತ್ತು.

ಇಂಥ ಯಂತ್ರದ ದೊಡ್ಡ ಅನುಕೂಲವೆಂದರೆ, ಹೋಲಿಸಿ ನೋಡಲು ಅದೇ ಮಾದರಿಯ ಸರಿಯಾದ ಬೋರ್ಡ್ ಪಕ್ಕದಲ್ಲೇ ಇರುತ್ತದೆ. ಕನೆಕ್ಟರ್‌ನ ಯಾವ ಪಿನ್ ಯಾವುದಕ್ಕೆ ಎಂಬ ನಕ್ಷೆ ನಮ್ಮಲ್ಲಿರಲಿಲ್ಲ. ಎರಡೂ ನೋಡ್‌ಗಳನ್ನು ಹೊರಗೆ ಮೇಜಿನ ಮೇಲಿಟ್ಟು, ಕೈಗೆ ಸ್ಥಿರ ವಿದ್ಯುತ್ ತಡೆಯುವ ಪಟ್ಟಿ ಕಟ್ಟಿಕೊಂಡು, ಮಲ್ಟಿಮೀಟರ್‌ನ ಒಂದು ಮೊನೆಯನ್ನು ಗ್ರೌಂಡ್‌ಗೆ ಹಿಡಿದು, ಒಂದೊಂದೇ ಪಿನ್ನಿನ ರೋಧವನ್ನು ಎರಡರಲ್ಲೂ ಅಳೆದು ಕಾಗದದಲ್ಲಿ ಬರೆದುಕೊಂಡೆವು. ಒಂದೇ ಒಂದು ಪಿನ್ನಿನಲ್ಲಿ ಅಂಕಿ ಬೇರೆಯಾಯಿತು: ಸರಿಯಾದ ಬೋರ್ಡಿನಲ್ಲಿ ಸಾವಿರಾರು ಓಮ್, ಮೂರನೆಯದರಲ್ಲಿ ಒಂದು ಓಮ್‌ಗೂ ಕಡಿಮೆ.

ಟಾರ್ಚ್ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ, ಕನೆಕ್ಟರ್‌ನ ಕಪ್ಪು ಪ್ಲಾಸ್ಟಿಕ್‌ಗೂ ಬೋರ್ಡಿಗೂ ನಡುವಿನ ಸಂದಿಯಲ್ಲಿ ಕೂದಲಿಗಿಂತ ಸ್ವಲ್ಪ ದಪ್ಪನೆಯ, ಸುರುಳಿಯಾದ ಲೋಹದ ಸಿಬಿರೊಂದು ಹೊಳೆಯಿತು. ಅದು ಆ ಪಿನ್ನನ್ನು ಪಕ್ಕದ ಗ್ರೌಂಡ್ ಪಿನ್ನಿಗೆ ಅಂಟಿಸಿಟ್ಟಿತ್ತು, ಅಂದರೆ ಎಲ್ಲರೂ ಹಂಚಿಕೊಂಡ ತಂತಿಯನ್ನು ಸದಾ ಸೊನ್ನೆಗೆ ಇಳಿಸಿ ಹಿಡಿದಿತ್ತು. ನೋಡ್ ಜಾರುವ ತಗಡಿನ ಹಳಿಯ ತುದಿಯಲ್ಲಿ ಬೆರಳಾಡಿಸಿದರೆ ತರಚುವಷ್ಟು ಒರಟು ಅಂಚಿತ್ತು, ಅಲ್ಲಿಂದಲೇ ಸಿಬಿರೆದ್ದಿರಬೇಕು. ಚಿಮುಟದಿಂದ ಅದನ್ನು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕನೆಕ್ಟರ್ ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ಅಳೆದೆವು. ಎರಡೂ ಬೋರ್ಡುಗಳ ಅಂಕಿಗಳು ಹೊಂದಿದವು. ನೋಡ್ ತನ್ನ ಹಳೆಯ ಸ್ಲಾಟ್‌ಗೆ ಮರಳಿತು, ಫ್ಯಾನ್‌ಗಳು ಏರಲಿಲ್ಲ.

ಅಂದೇ ಸಂಜೆ ಮಿಡ್‌ಪ್ಲೇನ್ ಬೇಡಿಕೆಯನ್ನು ಹಿಂತೆಗೆದುಕೊಂಡು, ನಾಲ್ಕೂ ಬಿಎಂಸಿಗಳನ್ನು ಒಂದೇ ಸಮಯ ಸರ್ವರ್‌ಗೆ ಜೋಡಿಸಿ ಯುಟಿಸಿಗೆ ಇಟ್ಟೆವು. ಯಾವ ಫ್ಯಾನ್, ಯಾವ ಸಪ್ಲೈ, ಯಾವ ತಂತಿ ಯಾರ‍್ಯಾರಿಗೆ ಸಮಾನ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ರ‍್ಯಾಕ್‌ನ ಬಾಗಿಲ ಒಳಬದಿಗೆ ಅಂಟಿಸಿದ್ದೇವೆ. ಹಳಿಯ ಒರಟು ಅಂಚನ್ನು ಅರದಿಂದ ನಯಗೊಳಿಸುವುದು ಬಾಕಿಯಿದೆ. ಮುಂದಿನ ತಿಂಗಳು ಇಡೀ ಚಾಸಿಸ್ ಆಫ್ ಆಗುವ ದಿನ ಅದನ್ನು ಕೋಣೆಯಿಂದ ಹೊರಗೆ ಒಯ್ದು ಮಾಡುತ್ತೇವೆ.