ಮಾಂಸ ತಿನ್ನದವರ ಮಾಂಸಖಂಡಕ್ಕೆ

ನಾನು ಸಸ್ಯಾಹಾರಿ ಅಂತ ಗೊತ್ತಾದ ತಕ್ಷಣ ಜಿಮ್‌ನಲ್ಲಿ ಎಲ್ಲರೂ ಕೇಳುವುದು ಒಂದೇ: "ಹಾಗಾದ್ರೆ ಪ್ರೋಟೀನ್ ಎಲ್ಲಿಂದ?" ಬೇಳೆ, ಮೊಸರು, ಪನೀರ್ ಅನ್ನುತ್ತಿದ್ದೆ. ಈಗ ಕ್ವಾರ್ನ್ ಅಂತಲೂ ಸೇರಿಸುತ್ತೇನೆ, ಅಂದರೆ ಮಾಂಸದ ಬದಲು ತಿನ್ನುವ, ಶಿಲೀಂಧ್ರದಿಂದ ಮಾಡಿದ ಆಹಾರ. ಅದು ತಯಾರಾಗುವ ಬಿಲ್ಲಿಂಗ್‌ಹ್ಯಾಮ್ ಇಂಗ್ಲೆಂಡಿನ ಈಶಾನ್ಯದಲ್ಲಿರುವ ನಮ್ಮ ಮನೆಗೆ ದೂರವೇನಲ್ಲ.

ಇದು ಅಣಬೆ ಅಲ್ಲ. ಫ್ಯುಸೇರಿಯಂ ವೆನೆನೇಟಮ್ ಅನ್ನೋ ಮಣ್ಣಿನ ಶಿಲೀಂಧ್ರ. ಮುಂದೆ ಜಗತ್ತಿಗೆ ಪ್ರೋಟೀನ್ ಸಾಲದು ಅನ್ನೋ ಭಯ 1960ರ ದಶಕದಲ್ಲಿ ಜೋರಾಗಿತ್ತು. ಆಗ ಒಂದು ಬ್ರಿಟಿಷ್ ಕಂಪನಿ ಸಾವಿರಾರು ಕಡೆಯ ಮಣ್ಣು ತರಿಸಿ ಹುಡುಕಿಸಿತು. ಕೊನೆಗೆ ಸಿಕ್ಕಿದ್ದು ಇಂಗ್ಲೆಂಡಿನದೇ ಮಾರ್ಲೋ ಊರಿನ ಮಣ್ಣಿನಲ್ಲಿ! ಅಂಗಡಿಗೆ ಬರುವ ಹೊತ್ತಿಗೆ 1985 ಆಗಿತ್ತು.

ಎತ್ತರದ ಟ್ಯಾಂಕಿನಲ್ಲಿ ಗ್ಲೂಕೋಸ್, ಅಮೋನಿಯಾ, ಖನಿಜ, ಗಾಳಿ ಕೊಟ್ಟರೆ ಇದು ಸಣ್ಣ ಎಳೆಗಳಾಗಿ ಬೆಳೆಯುತ್ತದೆ. ಕೆಲವೇ ಗಂಟೆಗಳಲ್ಲಿ ತೂಕ ಎರಡರಷ್ಟು. ಆಮೇಲೆ ಬಿಸಿ ಮಾಡಿ ಅದರ ಜೀವಕೋಶಗಳಲ್ಲಿರುವ ಆರ್‌ಎನ್‌ಎ ಅನ್ನೋ ವಸ್ತುವನ್ನು ಕಡಿಮೆ ಮಾಡುತ್ತಾರೆ, ಇಲ್ಲದಿದ್ದರೆ ತಿಂದವರಿಗೆ ಯೂರಿಕ್ ಆ್ಯಸಿಡ್ ಏರುತ್ತದೆ. ನೀರು ತೆಗೆದು, ಮೊಟ್ಟೆಯ ಬಿಳಿ ಸೇರಿಸಿ, ಬೇಯಿಸಿ, ಫ್ರೀಜ್ ಮಾಡುತ್ತಾರೆ. ನನಗೆ ಬಹಳ ಇಷ್ಟವಾಗಿದ್ದು ಈ ಕೊನೆಯ ಹಂತ. ಮಂಜಿನ ಹರಳುಗಳು ಎಳೆಗಳನ್ನು ಒತ್ತಿ ಒತ್ತಿ ಕಟ್ಟು ಕಟ್ಟುತ್ತವೆ. ಜಗಿಯುವಾಗ ಸಿಗುವ ನಾರು ಅದೇ. ಮೊಟ್ಟೆ ಬೇಡ ಅನ್ನುವವರು ವೀಗನ್ (ಪ್ರಾಣಿಗಳಿಂದ ಬಂದದ್ದೇನೂ ಇಲ್ಲದ) ಪ್ಯಾಕೆಟ್ ತೆಗೆದುಕೊಳ್ಳಿ.

ಇನ್ನು ಮಾಂಸಖಂಡದ ವಿಷಯ. ಎಕ್ಸೆಟರ್ ವಿಶ್ವವಿದ್ಯಾಲಯದವರು 2020ರಲ್ಲಿ ತೂಕ ಎತ್ತುವ ಯುವಕರಿಗೆ ವ್ಯಾಯಾಮದ ನಂತರ ಹಾಲಿನ ಪ್ರೋಟೀನ್ ಅಥವಾ ಮೈಕೋಪ್ರೋಟೀನ್ (ಟ್ಯಾಂಕಿನಲ್ಲಿ ಬೆಳೆದ ಈ ಶಿಲೀಂಧ್ರದ ಆಹಾರಕ್ಕೆ ಇದೇ ಹೆಸರು) ಕೊಟ್ಟು ಅಳೆದರು. ಸ್ನಾಯು ಕಟ್ಟುವ ಕೆಲಸ ಶಿಲೀಂಧ್ರ ತಿಂದವರಲ್ಲೇ ಜಾಸ್ತಿ ಕಂಡಿತು. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 10 ವಾರ ಮಾಂಸಾಹಾರವನ್ನೂ ಮೈಕೋಪ್ರೋಟೀನ್ ಜಾಸ್ತಿ ಇರುವ ವೀಗನ್ ಊಟವನ್ನೂ ಹೋಲಿಸಿದರು. ಸ್ನಾಯು, ಶಕ್ತಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಬೆಳೆದವು. ಇವಕ್ಕೆ ಕ್ವಾರ್ನ್ ಕಂಪನಿಯ ಹಣವಿತ್ತು, ಭಾಗವಹಿಸಿದವರೂ ಕಡಿಮೆ. ಅದು ಮನಸ್ಸಿನಲ್ಲಿರಲಿ. ಆದರೂ ಮಾಂಸವಿಲ್ಲದೆ ಮೈ ಕಟ್ಟಲು ಆಗಲ್ಲ ಅನ್ನುವವರಿಗೆ ಇದು ಗಟ್ಟಿ ಉತ್ತರವೇ.

ಲೆಕ್ಕ ಮಾತ್ರ ತಿಳಿದಿರಬೇಕು. 100 ಗ್ರಾಂ ಹಸಿ ಮೈಕೋಪ್ರೋಟೀನಿನಲ್ಲಿ ಪ್ರೋಟೀನ್ ಸುಮಾರು 11 ಗ್ರಾಂ, ನಾರು 6 ಗ್ರಾಂ. ಹೊಟ್ಟೆ ಬೇಗ ತುಂಬುತ್ತದೆ. ಹಾಗಾಗಿ ನಾನು ಅದರ ಜೊತೆ ಒಂದು ಬಟ್ಟಲು ಮೊಸರು ಬಿಡುವುದಿಲ್ಲ. ಬೂಷ್ಟಿನ ಅಲರ್ಜಿ ಇರುವವರು ಇದರಿಂದ ದೂರ ಇರುವುದೇ ಒಳ್ಳೆಯದು.

ಅಡುಗೆ ಸುಲಭ. ಸಾಸಿವೆ, ಕರಿಬೇವು, ಈರುಳ್ಳಿ, ಶುಂಠಿ ಬೆಳ್ಳುಳ್ಳಿ ಬಾಡಿಸಿ. ಕ್ವಾರ್ನ್ ಮಿನ್ಸ್ (ಖೀಮಾದಂಥ ಪುಡಿ) ಅನ್ನು ಫ್ರೀಜರ್‌ನಿಂದ ನೇರ ಬಾಣಲೆಗೆ ಸುರಿಯಿರಿ. ಮೊದಲು ನೀರು ಬಿಡುತ್ತದೆ. ಅದು ಇಂಗುವಾಗ ಧನಿಯಾ ಪುಡಿ, ಖಾರ ಹಾಕಿದರೆ ಪುಡಿಪುಡಿಯೊಳಗೂ ಮಸಾಲೆ ಇಳಿಯುತ್ತದೆ. ಚಪಾತಿಗೆ ಒಳ್ಳೆಯ ಜೋಡಿ.

ಟ್ಯಾಂಕಿಗೆ ಬೇಕಾದ ಗ್ಲೂಕೋಸ್ ಪಿಷ್ಟದಿಂದ ಬರುತ್ತದೆ ಅಲ್ವಾ? ನಮ್ಮ ದಾವಣಗೆರೆ ಕಡೆ ಮೆಕ್ಕೆಜೋಳಕ್ಕೇನೂ ಬರ ಇಲ್ಲ. ಅದರಲ್ಲಿ ಒಂದಿಷ್ಟು ಕೋಳಿ ಮೇವಿಗೆ ಹೋಗುವ ಬದಲು ಇಂಥ ಟ್ಯಾಂಕಿಗೆ ಹೋಗಲಿ, ಅಲ್ಲೇ ತಯಾರಾಗಿ ಅಲ್ಲಿನ ಹುಡುಗರ ತಟ್ಟೆಗೆ ಬರಲಿ ಅಂತ ನನಗೆ ನಿಜಕ್ಕೂ ಆಸೆ.